ಬೆನ್ ಯಿಜುವಿನ ಪತ್ರ
ಕಾಗದದ ಮೇಲೆ ಶಾಯಿ, ಕ್ರಿ.ಶ. 1149 (ಛಾಯಾಪ್ರತಿ)

ಟ್ಯುನೀಷಿಯಾದ ಮಹ್ದಿಯಾ ಊರಿನ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಹದಿನೇಳು ವರ್ಷ ಮಂಗಳೂರಿನಲ್ಲಿ ನೆಲೆಸಿದ್ದ. ಇಲ್ಲಿಂದ ಯೆಮನ್‌ನ ಏಡನ್ ಬಂದರಿಗೆ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅಲ್ಲಿಂದ ಬಂದ ಒಡಕು ಪಾತ್ರೆಗಳನ್ನು ಕರಗಿಸಿ ಹೊಸ ಕಂಚಿನ ಸಾಮಾನು ಮಾಡಿಸಿಕೊಡುತ್ತಿದ್ದ.

1148ರಲ್ಲಿ ಸಿಸಿಲಿಯ ನಾರ್ಮನ್ ಅರಸ ಮಹ್ದಿಯಾವನ್ನು ಗೆದ್ದ. ಬೆನ್ ಯಿಜುವಿನ ಒಡಹುಟ್ಟಿದವರು ಮೆಡಿಟರೇನಿಯನ್ ಸಮುದ್ರದ ಆ ಸಿಸಿಲಿ ದ್ವೀಪವನ್ನೇ ಸೇರಿದರು. ಮಂಗಳೂರು ಬಿಟ್ಟು ಏಡನ್ ತಲುಪಿದ ಅವನು ಅವರಿಗೆ ಬರೆದ ಪತ್ರವಿದು: ಮಗಳನ್ನು ಮನೆತನದ ಹುಡುಗನಿಗೇ ಕೊಡುವ ಆಸೆ ಇದರಲ್ಲಿದೆ.

ಸಾಲುಗಳನ್ನು ಗಮನಿಸಿ: ಅಕ್ಷರ ಹೀಬ್ರೂ, ಭಾಷೆ ಅರಬ್ಬಿ, ಓದುವುದು ಬಲದಿಂದ ಎಡಕ್ಕೆ.

ಪತ್ರ ಸಿಕ್ಕಿದ್ದು ಕೈರೋದ ಬೆನ್ ಎಜ್ರಾ ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರದ) ಹಳೆಯ ಕಾಗದಗಳ ಕೋಣೆಯಲ್ಲಿ. ಸಿಸಿಲಿಯಿಂದ ಬಂದ ಸೋದರನ ಮಗನೊಂದಿಗೆ ಮಗಳ ಮದುವೆ 1156ರಲ್ಲಿ ಈಜಿಪ್ಟಿನಲ್ಲಿ ನಡೆಯಿತು.