ಸಿಪ್: ಅಂತರ್ಜಾಲ ಕರೆಗಳ ಮುಕ್ತ ಸಿಗ್ನಲಿಂಗ್ ಪ್ರೊಟೊಕಾಲ್

ಅಂತರ್ಜಾಲದ ಮೂಲಕ ಮಾಡುವ ಧ್ವನಿ ಅಥವಾ ವಿಡಿಯೊ ಕರೆಯಲ್ಲಿ ಮಾತು ಹರಿಯುವ ಮೊದಲೇ ಕರೆಯಬೇಕಾದವರು ಎಲ್ಲಿದ್ದಾರೆಂದು ಹುಡುಕಿ, ಅವರ ಸಾಧನದಲ್ಲಿ ಗಂಟೆ ಬಾರಿಸಿ, ಇಬ್ಬರ ಸಾಧನಗಳಿಗೂ ಹೊಂದುವ ಧ್ವನಿರೂಪ, ಚಿತ್ರರೂಪಗಳನ್ನು ಗೊತ್ತುಮಾಡಬೇಕಾಗುತ್ತದೆ. ಕರೆಯನ್ನು ಮುಗಿಸುವುದೂ ಸೇರಿದ ಈ ವ್ಯವಹಾರಕ್ಕೆ ಸಿಗ್ನಲಿಂಗ್ ಎಂದು ಹೆಸರು. ಇದರ ನಿಯಮಗಳನ್ನು ಯಾರು ಬೇಕಾದರೂ ಓದಿ ಅಳವಡಿಸಿಕೊಳ್ಳುವಂತೆ ಪ್ರಕಟಿಸಿದರೆ ಅದು ಮುಕ್ತ ಪ್ರೊಟೊಕಾಲ್ ಎನಿಸುತ್ತದೆ. ಅಂಥವುಗಳಲ್ಲಿ ಅತ್ಯಂತ ವ್ಯಾಪಕವಾದುದು ಸೆಷನ್ ಇನಿಶಿಯೇಷನ್ ಪ್ರೊಟೊಕಾಲ್, ಅಂದರೆ ಸಿಪ್.

ಒಂದೇ ಪ್ರಸಾರವನ್ನು ಏಕಕಾಲಕ್ಕೆ ಹಲವರಿಗೆ ತಲುಪಿಸಲು 1992ರಲ್ಲಿ ಆರಂಭವಾದ ಎಂಬೋನ್ ಎಂಬ ಪ್ರಾಯೋಗಿಕ ಜಾಲದ ಸಂಶೋಧಕರಿಗೆ, ನಡೆಯುತ್ತಿರುವ ಸಮ್ಮೇಳನಕ್ಕೆ ಇತರರನ್ನು ಆಹ್ವಾನಿಸುವ ವಿಧಾನವೊಂದು ಬೇಕಾಗಿತ್ತು. 1996ರಲ್ಲಿ ಮಾರ್ಕ್ ಹ್ಯಾಂಡ್ಲಿ ಮತ್ತು ಈವ್ ಸ್ಕೂಲರ್ ಒಂದು ಕರಡನ್ನೂ, ಹೆನ್ನಿಂಗ್ ಶುಲ್ಜ್‌ರಿನ್ನೆ ಇನ್ನೊಂದನ್ನೂ ಅಂತರ್ಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯ ಮುಂದಿಟ್ಟರು. ಎರಡೂ ಬೆರೆತು, ಜೊನಾಥನ್ ರೋಸೆನ್‌ಬರ್ಗ್ ಅವರೂ ಸೇರಿ ಸಿದ್ಧಪಡಿಸಿದ ರೂಪವು 1999ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2543 ಎಂಬ ದಾಖಲೆಯಾಗಿ ಹೊರಬಂದಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1996ರಲ್ಲೇ ಅಂಗೀಕರಿಸಿದ್ದ ಎಚ್.323 ದೂರವಾಣಿ ಲೋಕದ ಸಂಪ್ರದಾಯದಿಂದ ಬಂದುದಾಗಿದ್ದು, ಅದರ ಸಂದೇಶಗಳು ಯಂತ್ರಕ್ಕಷ್ಟೇ ತಿಳಿಯುವ ದ್ವಿಮಾನ ರೂಪದಲ್ಲಿದ್ದವು. ಸಿಪ್‌ನ ಸಂದೇಶಗಳು ವೆಬ್‌ನ ಎಚ್‌ಟಿಟಿಪಿಯಂತೆ ಸಾದಾ ಅಕ್ಷರಗಳಲ್ಲಿದ್ದವು: ‘ಇನ್ವೈಟ್’ ಎಂದು ಕರೆ ಹೊರಡುತ್ತದೆ, ‘180 ರಿಂಗಿಂಗ್’, ‘200 ಓಕೆ’ ಎಂಬ ಉತ್ತರಗಳು ಬರುತ್ತವೆ, ‘ಬೈ’ ಎಂದು ಮುಗಿಯುತ್ತದೆ. ಓದಿದರೆ ಅರ್ಥವಾಗುವ ಈ ಗುಣವೇ ಸಣ್ಣ ತಂಡಗಳನ್ನೂ ಇದರತ್ತ ಸೆಳೆಯಿತು. ಆದರೆ ಆ ಸರಳತೆ ಬಹುಕಾಲ ಉಳಿಯಲಿಲ್ಲ. 2002ರ ಜೂನ್‌ನಲ್ಲಿ ಪರಿಷ್ಕೃತವಾಗಿ ಬಂದ ಆರ್‌ಎಫ್‌ಸಿ 3261 ಒಂದೇ 269 ಪುಟಗಳಷ್ಟಿದೆ.

ಪ್ರತಿ ಸಾಧನಕ್ಕೂ ತನ್ನದೇ ವಿಳಾಸವಿರುತ್ತದೆಂಬ ನಂಬಿಕೆ ಸಿಪ್‌ಗೆ ತೊಡಕಾಯಿತು. ಮನೆ, ಕಚೇರಿಗಳ ಅನೇಕ ಸಾಧನಗಳು ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುವ ನ್ಯಾಟ್ ವ್ಯವಸ್ಥೆಯ ಹಿಂದೆ ಇದ್ದುದರಿಂದ, ಗಂಟೆ ಬಾರಿಸಿದರೂ ಮಾತು ಕೇಳಿಸದ ಸ್ಥಿತಿ ಉಂಟಾಗುತ್ತಿತ್ತು. ಇದಕ್ಕೆ ಐಸ್ ಎಂಬ ಪೂರ್ಣ ಪರಿಹಾರವು ಮಾನಕವಾಗುವಾಗ 2010 ಆಗಿತ್ತು. ಅಷ್ಟರಲ್ಲಿ, 2003ರಲ್ಲಿ ಬಂದ ಸ್ಕೈಪ್ ತನ್ನ ಗುಪ್ತ ಪ್ರೊಟೊಕಾಲ್‌ನಿಂದ ಆ ತೊಡಕನ್ನು ದಾಟಿ ಜನರನ್ನು ಗೆದ್ದಿತ್ತು. ಮುಕ್ತ ಸಂದೇಶ ಪ್ರೊಟೊಕಾಲ್ ಆದ ಎಕ್ಸ್‌ಎಂಪಿಪಿಗೆ ಕರೆಗಳನ್ನು ಸೇರಿಸಿದ ಜಿಂಗಲ್ 2005ರಲ್ಲಿ ಪ್ರಕಟವಾದರೂ, ಅದರ ದೊಡ್ಡ ಆಸರೆಯಾಗಿದ್ದ ಗೂಗಲ್ 2013ರಲ್ಲಿ ತನ್ನದೇ ಸೇವೆಯಾದ ಹ್ಯಾಂಗ್‌ಔಟ್ಸ್‌ನತ್ತ ಹೊರಳಿತು.

ಸಿಪ್ ಬೇರೂರಿದ್ದು ದೂರವಾಣಿ ಕಂಪನಿಗಳ ಒಳಜಾಲಗಳಲ್ಲಿ. ಮೊಬೈಲ್ ಮಾನಕಗಳ ಒಕ್ಕೂಟವಾದ 3ಜಿಪಿಪಿ 2000ದಲ್ಲೇ ಅದನ್ನು ಆರಿಸಿಕೊಂಡಿತು. ಭಾರತದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ 2ಜಿ, 3ಜಿಗಳಿಲ್ಲದೆ ಆರಂಭವಾದ ಜಿಯೊ ಜಾಲದಲ್ಲಿ ವೋಲ್ಟಿ ಎಂಬ 4ಜಿ ಧ್ವನಿ ಕರೆಗಳೆಲ್ಲ ಇದರಿಂದಲೇ ಕೂಡಿಬಂದವು. ಆದರೂ ಇಮೇಲ್‌ನಂತೆ ಯಾರು ಯಾರನ್ನು ಬೇಕಾದರೂ ಸಿಪ್ ವಿಳಾಸದಿಂದ ಕರೆಯಬಹುದೆಂಬ ಮೂಲ ಆಶಯ ಜನಬಳಕೆಯಲ್ಲಿ ಕೈಗೂಡಲಿಲ್ಲ, ಮತ್ತು ಈ ಇತಿಹಾಸದ ದೊಡ್ಡ ನಷ್ಟವೂ ಇದೇ. 2021ರಲ್ಲಿ ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯು3ಸಿಯ ಮಾನಕವಾದ ವೆಬ್‌ಆರ್‌ಟಿಸಿ, ಬ್ರೌಸರ್‌ಗಳಿಗೆ ಕರೆಯ ಸಾಮರ್ಥ್ಯ ನೀಡಿದರೂ ಸಿಗ್ನಲಿಂಗನ್ನು ಬೇಕೆಂದೇ ಸೇವೆ ರೂಪಿಸುವವರಿಗೆ ಬಿಟ್ಟದ್ದರಿಂದ ಒಂದು ಸೇವೆಯಿಂದ ಇನ್ನೊಂದಕ್ಕೆ ಕರೆ ಮಾಡುವ ದಾರಿ ಅದರಿಂದ ತಾನಾಗಿ ತೆರೆಯಲಿಲ್ಲ. ಈ ಕೊರತೆಗೆ ಯುರೋಪ್ ಒಕ್ಕೂಟ ಕಾನೂನಿನ ಮೂಲಕ ಉತ್ತರ ಹುಡುಕಿದೆ: ಅದರ ಡಿಜಿಟಲ್ ಮಾರುಕಟ್ಟೆ ಕಾಯಿದೆಯಡಿ 2023ರ ಸೆಪ್ಟೆಂಬರ್‌ನಲ್ಲಿ ಗುರುತಿಸಲಾದ ವಾಟ್ಸ್‌ಆ್ಯಪ್ ಮತ್ತು ಮೆಸೆಂಜರ್, ಕೋರಿಕೆ ಸಲ್ಲಿಸುವ ಇತರ ಸೇವೆಗಳೊಂದಿಗೆ ಧ್ವನಿ, ವಿಡಿಯೊ ಕರೆಗಳನ್ನು ನಾಲ್ಕು ವರ್ಷಗಳೊಳಗೆ ಸಾಧ್ಯವಾಗಿಸಬೇಕಾಗಿದೆ.