ಶಿಲಾರೋಹಣದ ಆಂಕರ್
ಬಂಡೆ ಹತ್ತುವವರು ತಮ್ಮನ್ನೂ ಹಗ್ಗವನ್ನೂ ಬಂಡೆಗೆ ಬಿಗಿದುಕೊಳ್ಳುವ ಆಧಾರ. ಕೊರೆದು ಕೂರಿಸಿದ ಬೋಲ್ಟ್‌ಗಳನ್ನು ನೆಚ್ಚದ ಸಾಂಪ್ರದಾಯಿಕ ಶಿಲಾರೋಹಣದಲ್ಲಿ ಮುಂದಾಳು ಇದನ್ನು ಪ್ರತಿ ಹಂತದ ಕೊನೆಯಲ್ಲಿ, ಸಿಕ್ಕ ಬಿರುಕುಗಳಲ್ಲೇ ಕಟ್ಟಬೇಕು. ಹಾಗಾಗಿ ಮುಂದಾಳಾಗುವ ಮೊದಲೇ ಕೈಗೂಡಬೇಕಾದ ವಿದ್ಯೆ ಇದು.

ಬ್ರಿಟನ್ನಿನಲ್ಲಿ ಮೊದಲು ಬಿರುಕಿಗೆ ಕಲ್ಲುಹರಳು ಸಿಕ್ಕಿಸಿ ಕುಣಿಕೆ ಹಾಕುತ್ತಿದ್ದರು. ಬಳಿಕ ಯಂತ್ರದ ನಟ್ಟುಗಳು ಬಂದವು. ಇಂದಿನ ಲೋಹದ ಬೆಣೆಗಳು ಅವುಗಳದೇ ಸಂತತಿ. ಅಮೆರಿಕದ ರೇ ಜಾರ್ಡಿನ್ ರೂಪಿಸಿದ, ಸ್ಪ್ರಿಂಗ್ ಬಲದಿಂದ ಅರಳಿ ಬಿರುಕಿನ ಗೋಡೆಗಳನ್ನು ಒತ್ತಿಹಿಡಿಯುವ ‘ಫ್ರೆಂಡ್’ ಕ್ಯಾಮ್‌ಗಳು 1978ರಲ್ಲಿ ಮಾರುಕಟ್ಟೆಗೆ ಬಂದವು.

ಸಾಮಾನ್ಯವಾಗಿ ಮೂರು ಆಧಾರಗಳನ್ನು ಸ್ಲಿಂಗ್ ಇಲ್ಲವೇ ಹಗ್ಗದಿಂದ ಒಂದೇ ಬಿಂದುವಿಗೆ ಕೂಡಿಸುತ್ತಾರೆ. ಒಂದು ಕಿತ್ತರೂ ಉಳಿದವು ದಿಢೀರನೆ ಜಗ್ಗಿಸಿಕೊಳ್ಳದೆ ಭಾರ ಹೊರಬೇಕು. ಹೊಸಬರು ಹೆಚ್ಚಾಗಿ ಕಡೆಗಣಿಸುವುದು ಕೋನವನ್ನು: ಎರಡು ಆಧಾರಗಳ ಎಳೆಗಳ ನಡುವೆ 60 ಡಿಗ್ರಿ ಇದ್ದರೆ ಒಂದೊಂದರ ಮೇಲೂ ಸುಮಾರು ಶೇ. 58ರಷ್ಟು ಭಾರ, 120 ಡಿಗ್ರಿಗೆ ಹಿಗ್ಗಿದರೆ ಒಂದೊಂದರ ಮೇಲೂ ಪೂರ್ತಿ ಭಾರ. ಎಳೆತದ ದಿಕ್ಕೂ ಅಷ್ಟೇ ಮುಖ್ಯ. ಕೆಳಕ್ಕೆಳೆದಾಗ ಅಲುಗದ ಬೆಣೆ, ಮುಂದಾಳು ಮೇಲೆ ಹೋಗಿ ಜಾರಿದಾಗ ಮೇಲ್ಮುಖ ಎಳೆತಕ್ಕೆ ಸಿಕ್ಕಿ ಕಳಚಬಹುದು. ಇದಕ್ಕೆಲ್ಲ ಮುಂಚೆ ಬಂಡೆಯನ್ನು ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದ ಕಡೆ ಯಾವ ಉಪಕರಣವನ್ನೂ ನಂಬಲಾಗದು.

ಕಲಿಕೆ ನೆಲದ ಮೇಲೆ ನಿಂತೇ ಶುರುವಾಗುವುದು ಒಳ್ಳೆಯದು. ನಂತರ ಅನುಭವಿಯ ಹಿಂದೆ ಹತ್ತುತ್ತ, ಅವರು ಕೂರಿಸಿದ್ದನ್ನು ಒಂದೊಂದಾಗಿ ಬಿಡಿಸುವುದು. ಯಾವುದು ಏಕೆ ಹಿಡಿದಿತ್ತೆಂಬುದು ಬಿಡಿಸುವ ಕೈಗೇ ಚೆನ್ನಾಗಿ ತಿಳಿಯುತ್ತದೆ. ಕಲ್ಲಿನ ಗುಣವೂ ಪಾಠದ ಭಾಗ. ರಾಮನಗರದ ಗ್ರಾನೈಟ್ ಗಡಸು; ಬಾದಾಮಿಯದು ಮರಳುಗಲ್ಲು. ಮರಳುಗಲ್ಲು ನೆನೆದಾಗ ಬಲಗುಂದುವುದರಿಂದ, ಮಳೆಯಾದ ಮೇಲೆ ಅದು ಒಳಗಿನವರೆಗೂ ಒಣಗುವ ತನಕ ಹತ್ತುವುದಿಲ್ಲ.