ದಡದವರ ಚಿತ್ರ

ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಕಾಕನಕೋಟೆಯ ಕಾಡನ್ನು ಹಾದು, ಬಿದರಹಳ್ಳಿಯ ಬಳಿ ಅಣೆಕಟ್ಟಿನ ಹಿಂದೆ ತಂಗಿ, ಅಲ್ಲಿಂದ ಬಿಡುಗಡೆ ಪಡೆದು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಬಳಸಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಕಪಿಲೆಯನ್ನು ಸರಕಾರದ ಕಾಗದಗಳು ಕಬಿನಿ ಎನ್ನುತ್ತವೆ. ಸರಗೂರಿನವರಾದ ನಮಗೆ ಅದು ಬರಿಯ ಹೊಳೆ. ಈ ಹೊಳೆಗೆ ಹಡಗು ಬಂದುದಿಲ್ಲ. ಬಿದಿರಿನ ಹೆಣಿಗೆಯ ಮೇಲೆ ತೊಗಲು ಹೊದಿಸಿದ ಹರಿಗೋಲೇ ಇಲ್ಲಿನ ಹಿಂದಿನವರು ಕಂಡ ನಾವೆ. ಆದರೂ ಬೆಟ್ಟದಂಥ ಜೀವಗಳು ಈ ನೀರನ್ನು ದಾಟುವುದನ್ನು ನೋಡುವುದಕ್ಕೆಂದು ದೇಶದೇಶಗಳ ಜನ ಬಂದು, ದಡದಲ್ಲಿ ಉಸಿರು ಬಿಗಿಹಿಡಿದು, ಕ್ಯಾಮೆರಾ ಹಿಡಿದು ನಿಂತ ಕಾಲವೊಂದಿತ್ತು. ಆ ಕಾಲವನ್ನು ನನ್ನ ಮನಸ್ಸಿಗೆ ಮರಳಿ ತಂದುದು ಕಡಲಾಚೆಯ ನ್ಯೂಯಾರ್ಕಿನ ಒಂದು ಚಿತ್ರ.

ಆ ಚಿತ್ರ 2012ರ ಜೂನ್ ತಿಂಗಳಿನದು. ಅಮೆರಿಕದ ಸ್ಪೇಸ್ ಶಟಲ್ ಬಗೆಯ ಬಾಹ್ಯಾಕಾಶ ನೌಕೆಗಳಲ್ಲಿ ಮೊದಲನೆಯದಾದ ಎಂಟರ್‌ಪ್ರೈಸ್, 1976ರಲ್ಲಿ ಕಾರ್ಖಾನೆಯಿಂದ ಹೊರಬಿದ್ದು, ಮರುವರ್ಷ ಕ್ಯಾಲಿಫೋರ್ನಿಯದ ಮರುಭೂಮಿಯ ಮೇಲೆ ಜಾರಿ ಇಳಿಯುವ ಪರೀಕ್ಷೆಗಳನ್ನೆಲ್ಲ ಪೂರೈಸಿ, ತನ್ನ ತಂಗಿಯರಿಗೆ ಅಂತರಿಕ್ಷದ ದಾರಿಯನ್ನು ತೆರೆದುಕೊಟ್ಟು, ತಾನು ಮಾತ್ರ ಒಮ್ಮೆಯೂ ಅಲ್ಲಿಗೆ ಏರದೆ ನಿವೃತ್ತವಾಯಿತು. 122 ಅಡಿ ಉದ್ದದ ಆ ಕಾಯವನ್ನು ಕೆನಡಿ ವಿಮಾನನಿಲ್ದಾಣದಿಂದ, ಇಂಟ್ರೆಪಿಡ್ ಎಂಬ ಹಳೆಯ ಯುದ್ಧನೌಕೆಯ ಮೇಲಿರುವ ವಸ್ತುಸಂಗ್ರಹಾಲಯಕ್ಕೆ ಸಾಗಿಸಬೇಕಾದಾಗ, ಅದನ್ನು ಚಪ್ಪಟೆ ತಳದ ಬಾರ್ಜಿನ ಮೇಲಿರಿಸಿ, ಮುಂದೊಂದು ಪುಟ್ಟ ಎಳೆದೋಣಿಯನ್ನು ಕಟ್ಟಿ, ನಿಧಾನವಾಗಿ ಕೊಂಡೊಯ್ದರು. ದಾರಿಯಲ್ಲಿ ರೈಲು ಸೇತುವೆಯೊಂದರ ಕಂಬಕ್ಕೆ ರೆಕ್ಕೆಯ ತುದಿ ತಗುಲಿ ತುಸು ತರಚಿತು. ಜೂನ್ 6ರಂದು ಅದು ಹಡ್ಸನ್ ನದಿಯನ್ನು ಏರಿ ಬರುವಾಗ ಎರಡು ದಡಗಳಲ್ಲಿಯೂ ಜನ ಕಿಕ್ಕಿರಿದಿದ್ದರು. ಅವರಲ್ಲಿ ಪತ್ರಿಕೆಯವರಿಗಿಂತ ಹೆಚ್ಚಾಗಿ ಹವ್ಯಾಸಿಗಳು, ಕೆಲಸಕ್ಕೆ ರಜೆ ಹಾಕಿ, ಮಕ್ಕಳನ್ನು ಹೆಗಲಿಗೇರಿಸಿಕೊಂಡು ಬಂದವರು. ನಮ್ಮ ಭಾಷೆಯಲ್ಲಿ ಆ ವಾಹನಕ್ಕೆ ನೌಕೆಯೆಂದೇ ಹೆಸರಿಟ್ಟೆವಲ್ಲ. ತಾನಾಗಿ ನೀರಿಗಿಳಿಯದ ನೌಕೆಯು ದೋಣಿಯೊಂದರ ಮಡಿಲಿನಲ್ಲಿ ಕುಳಿತು ಹೊಳೆ ದಾಟಿದುದನ್ನು ನೋಡಿದಾಗ ಆ ಹೆಸರು ಸಾರ್ಥಕವಾಯಿತೆಂದು ನನಗೆ ತೋರಿತು.

ಇಂಥ ವಸ್ತುಗಳು ಗಗನಕ್ಕೆ ಚಿಮ್ಮುವ ಕ್ಷಣವನ್ನು ಹಿಡಿಯಲು ಸರಕಾರದ ಯಂತ್ರಗಳಿವೆ, ನುರಿತ ಕುಶಲಿಗಳಿದ್ದಾರೆ. ಜನಸಾಮಾನ್ಯನ ಕಣ್ಣಿಗೆ ಅವು ದಕ್ಕುವುದು ಹಳೆಯ ಕಾಲದ ವಾಹನದ ಮೇಲೇರಿ ಮೆಲ್ಲಗೆ ಸಾಗುವಾಗ ಮಾತ್ರ. ನಮ್ಮ ನಾಡಿನಲ್ಲಿಯೂ ಅಂಥದೊಂದು ಪಯಣ ನಡೆದಿದೆ. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟವನ್ನು ಕಟ್ಟಿ 1975ರಲ್ಲಿ ಮೇಲೆ ಕಳುಹಿಸಿದ ಬೆಂಗಳೂರಿನ ವಿಜ್ಞಾನಿಗಳು, ಕೆಲವು ವರ್ಷಗಳ ತರುವಾಯ ಆ್ಯಪಲ್ ಎಂಬ ಸಂಪರ್ಕ ಉಪಗ್ರಹವನ್ನು ನಿರ್ಮಿಸಿ ಅದರ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸಬೇಕಾದಾಗ, ಲಾರಿಯ ಕಬ್ಬಿಣದ ಮೈ ರೇಡಿಯೋ ಅಲೆಗಳನ್ನು ಕೆಡಿಸೀತೆಂದು ಅರಿತು, ಮರದ ಎತ್ತಿನಗಾಡಿಯನ್ನು ತರಿಸಿದರು. ಆ ಗಾಡಿಯ ಮೇಲೆ ಕುಳಿತ ಉಪಗ್ರಹದ ಚಿತ್ರವನ್ನು ಲೋಕವೇ ಕಂಡಿದೆ. ಕಂಡವರಲ್ಲಿ ಅನೇಕರು ಅದನ್ನು ನಮ್ಮ ಬಡತನದ ಗುರುತೆಂದು ಬಗೆದರು. ಅದು ತಪ್ಪು ತಿಳಿವಳಿಕೆ. ಆ ಕೆಲಸಕ್ಕೆ ಮರದ ಗಾಡಿಗಿಂತ ಒಪ್ಪುವ ಸಾಧನ ಹತ್ತಿರದಲ್ಲಿ ಇನ್ನೊಂದಿರಲಿಲ್ಲ. 1981ರ ಜೂನ್ 19ರಂದು ದಕ್ಷಿಣ ಅಮೆರಿಕದ ಕೂರೂವಿನಿಂದ ಏರಿಯಾನ್ ರಾಕೆಟ್ಟನ್ನೇರಿ ಹೋದ ಆ್ಯಪಲ್, ಒಂದು ಸೌರಫಲಕ ಬಿಚ್ಚಿಕೊಳ್ಳದೆ ಹೋದರೂ, ಎರಡು ವರ್ಷಕ್ಕೂ ಮಿಗಿಲಾಗಿ ದುಡಿದು 1983ರಲ್ಲಿ ವಿಶ್ರಾಂತಿ ಪಡೆಯಿತು.

ಇನ್ನು ನಮ್ಮ ಹೊಳೆಯ ಮಾತು. ಮೈಸೂರು ಸೀಮೆಯಲ್ಲಿ ಆನೆಗಳನ್ನು ಹಿಂಡುಹಿಂಡಾಗಿ ಹಿಡಿಯುವ ಖೆಡ್ಡಾ ಪದ್ಧತಿಯನ್ನು ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ 1874ರಲ್ಲಿ ಚಾಮರಾಜನಗರದ ಕಡೆಯ ಕಾಡಿನಲ್ಲಿ ಸಾಧಿಸಿ ತೋರಿಸಿದನು. ಅನಂತರದ ಕಾಲದಲ್ಲಿ ಈ ಕಾರ್ಯಕ್ಕೆ ಹೆಸರಾದುದು ಹೆಗ್ಗಡದೇವನಕೋಟೆಯ ಕಾಕನಕೋಟೆ. ಇಲ್ಲಿನ ವೈಶಿಷ್ಟ್ಯವೇ ಹೊಳೆ. ಜೇನುಕುರುಬರೂ ಕಾಡುಕುರುಬರೂ ದಿನಗಟ್ಟಲೆ ಕಾಡಿನಲ್ಲಿ ಅಲೆದು ಹೆಜ್ಜೆಯ ಜಾಡು ಹಿಡಿದು ಹಿಂಡನ್ನು ಸುತ್ತುವರಿದು, ಇರುಳೆಲ್ಲ ಬೆಂಕಿಯ ಸಾಲು ಕಾದು, ತಮಟೆಯ ಬಡಿತದಿಂದಲೂ ಕೂಗಿನಿಂದಲೂ ಅದನ್ನು ಮೆಲ್ಲಮೆಲ್ಲನೆ ನೀರಿನ ಅಂಚಿಗೆ ತಂದು ನಿಲ್ಲಿಸುವರು. ಹಿಂದಿನಿಂದ ಸಾಕಾನೆಗಳ ಸಾಲು ಒತ್ತುವುದು. ಬೇರೆ ದಾರಿ ಕಾಣದ ಹಿಂಡು ಹೊಳೆಗೆ ಇಳಿದು ಆಚೆ ದಡದ ದೊಡ್ಡಿಯ ಬಾಗಿಲಿನತ್ತ ಈಜುವುದು. ಆನೆ ನಡೆದದ್ದೇ ದಾರಿ ಎಂಬ ಗಾದೆ ಸುಳ್ಳಾಗುವ ಸ್ಥಳವೊಂದಿದ್ದರೆ ಅದು ಇದೇ. ಬಾಗಿಲು ಬಿದ್ದ ಮೇಲೆ ಎರಡು ಸಾಕಾನೆಗಳು ಕಾಡಾನೆಯೊಂದನ್ನು ಇಕ್ಕೆಲದಿಂದಲೂ ಒತ್ತಿ ಹಿಡಿಯುವುದೂ, ಆ ಇಕ್ಕಟ್ಟಿನಲ್ಲಿ ಮನುಷ್ಯನೊಬ್ಬನು ನೆಲಕ್ಕೆ ಜಾರಿ ಅದರ ಹಿಂಗಾಲಿಗೆ ಹಗ್ಗ ಬಿಗಿಯುವುದೂ, ನೋಡುವವರಿಗೆ ಸಾಹಸ, ಕಟ್ಟುವವನಿಗೆ ಪ್ರಾಣದ ಹಂಗು, ಕಟ್ಟಿಸಿಕೊಂಡ ಜೀವಕ್ಕೆ ಹೇಳತೀರದ ದುಃಖ. ಮರಿಯನ್ನು ಹೊಟ್ಟೆಯಡಿ ಅವಿತಿಟ್ಟುಕೊಂಡ ತಾಯಾನೆಯ ವೃತ್ತಾಂತವನ್ನು ಕೇಳಿದವನು ಖೆಡ್ಡಾದ ವೈಭವವನ್ನು ಬಾಯ್ತುಂಬ ಹೊಗಳಲಾರನು, ನಾನೂ ಹೊಗಳಲಾರೆ.

ಈ ನೋಟವನ್ನು ಸವಿಯಲು ಅತಿಥಿಗಳಿಗೆ ಕಾರಾಪುರದಲ್ಲಿ ಬಿಡಾರ, ದಡದಲ್ಲಿ ಅಟ್ಟಣಿಗೆ. ಮುಂದೆ ಐದನೆಯ ಜಾರ್ಜ್ ದೊರೆಯಾದ ವೇಲ್ಸ್ ರಾಜಕುಮಾರನು 1906ರಲ್ಲಿ ಇಲ್ಲಿಗೆ ಬಂದಿದ್ದನು. ಮೊದಮೊದಲು ಇಲ್ಲಿ ಚಿತ್ರ ತೆಗೆದವರು ಮೂರುಕಾಲಿನ ನಿಲುವಿನ ಮೇಲೆ ಭಾರವಾದ ಪೆಟ್ಟಿಗೆಯನ್ನು ಇರಿಸಿ ಗಾಜಿನ ಫಲಕಗಳನ್ನು ಬಳಸುತ್ತಿದ್ದ ವೃತ್ತಿಯವರು. 1900ರಲ್ಲಿ ಕೊಡ್ಯಾಕ್ ಸಂಸ್ಥೆಯು ಬ್ರೌನಿ ಎಂಬ ಅಗ್ಗದ ಪೆಟ್ಟಿಗೆ ಕ್ಯಾಮೆರಾವನ್ನು ಹೊರತಂದ ಮೇಲೆ ಅತಿಥಿಗಳೇ ಚಿತ್ರಗಾರರಾಗುವ ಕಾಲ ಬಂದಿತು. ಆ ಪೆಟ್ಟಿಗೆಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅದನ್ನು ಕಣ್ಣಿಗೆ ಒತ್ತುವುದಿಲ್ಲ. ಹೊಟ್ಟೆಗೆ ಆನಿಸಿ, ತಲೆ ತಗ್ಗಿಸಿ, ಉಗುರಿನಷ್ಟಗಲದ ಗಾಜಿನಲ್ಲಿ ಎಡಬಲ ಅದಲುಬದಲಾಗಿ ಕಾಣುವ ಲೋಕವನ್ನು ನೋಡಿ ಸನ್ನೆಯನ್ನು ಒತ್ತಬೇಕು. ಬಳಿಕ ಕೀಲಿ ತಿರುಗಿಸುತ್ತ ಬೆನ್ನಿನ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಮೂಡುವವರೆಗೆ ಕಾಯಬೇಕು. ಇಡಿಯ ಹಿಂಡು ಹೊಳೆ ದಾಟುವ ಕೋಲಾಹಲದಲ್ಲಿ ಆ ಪೆಟ್ಟಿಗೆಗೆ ಸಿಕ್ಕುತ್ತಿದ್ದುದು ಹೆಚ್ಚೆಂದರೆ ನೀರಿನ ಮೇಲೆ ತೇಲುವ ಕೆಲವು ಕಪ್ಪು ಬೆನ್ನುಗಳು, ಎತ್ತಿದ ಸೊಂಡಿಲಿನ ತುದಿಗಳು, ಅಂಚಿನಲ್ಲಿ ಮಸುಕಾದ ಮಾವುತನೊಬ್ಬ. ಆದರೂ ವೃತ್ತಿಯವರ ಸುಸಜ್ಜಿತ ಫಲಕಗಳಿಗಿಂತ ಇಂಥ ಮಸುಕು ಚಿತ್ರಗಳನ್ನೇ ನಾನು ಹೆಚ್ಚು ನಂಬುತ್ತೇನೆ. ಅಲ್ಲಿ ಆನೆಯಷ್ಟೇ ಅಲ್ಲ, ಕ್ಯಾಮೆರಾ ಹಿಡಿದವನ ಕೈನಡುಕವೂ ಇರುತ್ತದೆ.

1935ರ ಸುಮಾರಿಗೆ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ಚಿತ್ರನಿರ್ದೇಶಕನು ಕಿಪ್ಲಿಂಗನ ಕಥೆಯೊಂದನ್ನು ಚಲಚ್ಚಿತ್ರವಾಗಿಸಲು ಮೈಸೂರಿಗೆ ಬಂದನು. ಅದಕ್ಕಾಗಿ ಖೆಡ್ಡಾದ ದೃಶ್ಯವನ್ನು ಸೆರೆಹಿಡಿಯಲಾಯಿತು. ಕಥಾನಾಯಕನಾಗಿ ಅವನಿಗೆ ದೊರೆತವನು ಇದೇ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ಮಾವುತನ ಮಗನಾದ ಸಾಬು. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಾಗ ಈ ಹುಡುಗನ ಮುಖವನ್ನು ಲಂಡನ್ ನೋಡಿತು, ಅಮೆರಿಕ ನೋಡಿತು. ತಮಟೆ ಬಡಿದ ಕುರುಬರ ಮುಖಗಳು ಎಲ್ಲಿ ಉಳಿದುವು?

ಈ ಪ್ರಶ್ನೆಯನ್ನು ನಾನೊಮ್ಮೆ, ಬಾಲ್ಯದಲ್ಲಿ ಖೆಡ್ಡಾ ನೋಡಿದ್ದ ಊರಿನ ಹಿರಿಯರೊಬ್ಬರ ಮುಂದಿಟ್ಟೆ. ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದ ಅವರು ಕೈ ನಿಲ್ಲಿಸಿದರು. "ಕ್ಯಾಮೆರಾ ಕಂಡ್ವಿ ಕಣಪ್ಪ, ಅಟ್ಟಣಿಗೆ ತುಂಬ ಅವೇ. ಚಿತ್ರ ಮಾತ್ರ ಒಂದೂ ಕಾಣಲಿಲ್ಲ" ಎಂದರು. ಅವರಿಗೆ ನೆನಪಿದ್ದುದು ಹೊಗೆಯ ವಾಸನೆ, ನೀರಿಗಿಳಿದ ಹಿಂಡಿನ ಘೀಳು, ಆಮೇಲೆ ಕವಿದ ಮೌನ. ಹಡ್ಸನ್ ದಡದ ಹವ್ಯಾಸಿಗೂ ನಮ್ಮ ದಡದ ಹುಡುಗನಿಗೂ ಇದ್ದ ಅಂತರ ಇದೇ: ಇಬ್ಬರೂ ಮಹತ್ತಾದುದೊಂದು ನೀರು ದಾಟುವುದನ್ನು ಮೈಯೆಲ್ಲ ಕಣ್ಣಾಗಿ ನೋಡಿದರು, ಒಬ್ಬನು ಅದನ್ನು ಮನೆಗೆ ಒಯ್ದನು, ಇನ್ನೊಬ್ಬನ ಪಾಲಿನದು ಅಟ್ಟಣಿಗೆಯವರ ಪೆಟ್ಟಿಗೆ ಸೇರಿ ಕಡಲು ದಾಟಿತು.

ಕಡೆಯ ಖೆಡ್ಡಾ ನಡೆದುದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಹಳ್ಳಿಗಳೂ ಹಾಡಿಗಳೂ ಗದ್ದೆಗಳೂ ಮುಳುಗಿದ ನೀರಿನಲ್ಲಿ ಖೆಡ್ಡಾದ ಹಳೆಯ ನೆಲವೂ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಕೆಸರು ಒಣಗಿ ಎಳೆಹುಲ್ಲು ಚಿಗುರಿದಾಗ, ಬಂಡೀಪುರದಿಂದಲೂ ನಾಗರಹೊಳೆಯಿಂದಲೂ ಆನೆಗಳು ತಾವಾಗಿಯೇ ಹಿಂಡುಗಟ್ಟಿ ಇಲ್ಲಿಗೆ ಇಳಿಯುತ್ತವೆ; ಯಾರೂ ತಮಟೆ ಬಡಿಯುವುದಿಲ್ಲ. ಅವನ್ನು ನೋಡಲು ಬರುವವರ ಮಸೂರಗಳು ಮೊಳದುದ್ದ.

ಹಿಂದಿನ ಬೇಸಿಗೆಯಲ್ಲಿ ನಮ್ಮ ದೋಣಿಯನ್ನು ನಡೆಸಿದವನು ಹಾಡಿಯೊಂದರ ಜೇನುಕುರುಬ ತರುಣ. ಮರಿಯೊಂದನ್ನು ನಡುವೆ ಇಟ್ಟುಕೊಂಡು ನಾಲ್ಕು ಆನೆಗಳು ನೀರಿಗಿಳಿದಾಗ ಅವನು ಇಂಜಿನ್ನನ್ನು ಆರಿಸಿ, ಅತಿಥಿಗಳೆಲ್ಲ ತಮ್ಮ ತಮ್ಮ ಚಿತ್ರ ತೆಗೆದು ಮುಗಿಸುವವರೆಗೆ ಸುಮ್ಮನಿದ್ದು, ಬಳಿಕ ಅಂಗಿಯ ಜೇಬಿನಿಂದ ಒಡೆದ ಗಾಜಿನ ಮೊಬೈಲನ್ನು ತೆಗೆದನು. ಯಾರಿಗೆಂದು ಕೇಳಿದೆ. "ನಮ್ಮಜ್ಜಿಗೆ ಸಾರ್. ಅವಳು ಹುಟ್ಟಿದ ಹಾಡಿ ಅಲ್ಲೇ ಇದ್ದದ್ದು, ಆ ಮರಿ ನಿಂತಿದೆಯಲ್ಲ, ಅಲ್ಲೇ" ಎಂದು ಹೇಳಿ, ಆನೆಗಳು ಆಚೆ ದಡ ಹತ್ತುವವರೆಗೂ ಕೈಯನ್ನು ಇಳಿಸಲಿಲ್ಲ.